ಎಥೆನಾಲ್ ಗದ್ದಲದಲ್ಲಿ ಮರೆತ ಹೊಂಗೆ

ಪೆಟ್ರೋಲಿಗೆ ಶೇ 20ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿತು. ತೈಲದ ಆಮದು ತಗ್ಗಿತೆಂದು ಸರ್ಕಾರ, ವಾಹನಗಳ ಮೈಲೇಜು ಕುಸಿಯಿತೆಂದು ವಿರೋಧಿಗಳು. ಚಾಮರಾಜನಗರ ತಾಲ್ಲೂಕಿನ ಉಮ್ಮತ್ತೂರಿನಲ್ಲಿ ನಿಂತು ಕೇಳಿದರೆ ಈ ಜಗಳ ಪಟ್ಟಣದವರದೆಂದೇ ನನಗನಿಸುತ್ತದೆ. ಹೊಲ ಉಳುವ ಟ್ರ್ಯಾಕ್ಟರಿಗೂ ಫಸಲು ಸಾಗಿಸುವ ಲಾರಿಗೂ ಬೇಕಿರುವುದು ಡೀಸೆಲ್. ದೇಶದಲ್ಲಿ ಅದರ ಬಳಕೆ ಪೆಟ್ರೋಲಿನ ಎರಡು ಪಟ್ಟಿಗೂ ಹೆಚ್ಚು. ಅದಕ್ಕೆ ಜೈವಿಕ ಡೀಸೆಲ್ ಬೆರೆಸಲು 2018ರ ರಾಷ್ಟ್ರೀಯ ನೀತಿ 2030ಕ್ಕೆ ಇಟ್ಟುಕೊಂಡ ಗುರಿಯಾದರೋ ಶೇ 5 ಮಾತ್ರ!

ಈ ದಾರಿಯಲ್ಲಿ ಕರ್ನಾಟಕ ಮೊದಲೇ ಹೆಜ್ಜೆಯಿಟ್ಟಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಡೀಸೆಲ್ ಎಂಜಿನ್ ಓಡಿಸಿ ತೋರಿಸಿದರು. (ನಮ್ಮ ಅಜ್ಜಿಯರ ಹಣತೆಯಲ್ಲಿ ಉರಿದದ್ದೂ ಅದೇ ಎಣ್ಣೆ.) 2009ರಲ್ಲಿ ರಾಜ್ಯ ಜೈವಿಕ ಇಂಧನ ನೀತಿಯನ್ನೇ ರೂಪಿಸಿತು. ಆಮೇಲೆ ಉತ್ಸಾಹ ಇಳಿಯಿತು.

ಎಥೆನಾಲ್ ಗೆದ್ದದ್ದು ಸರ್ಕಾರ ದರ ನಿಗದಿ ಮಾಡಿ, ತೈಲ ಕಂಪನಿಗಳು ಕೊಳ್ಳುವಂತೆ ಮಾಡಿದ್ದರಿಂದ. ಹೊಂಗೆ ಬೀಜ ಆಯುವವರಿಗೂ ಕೂಲಿ ಗಿಟ್ಟುವ ಅಂಥ ನಿಶ್ಚಿತ ಬೆಲೆ ಬೇಕು. ಡೀಸೆಲ್ಲಿಗೆ ಹೊಂಗೆ ಪೂರ್ತಿ ಬದಲಿಯಾದೀತೆಂಬ ಭ್ರಮೆ ನನಗಿಲ್ಲ. ಆದರೆ ಬದುವಿನ ಆ ಮರ ಕಬ್ಬಿನಂತೆ ನಾಲೆಯ ನೀರನ್ನಾಗಲಿ, ಮೆಕ್ಕೆಜೋಳದಂತೆ ಉತ್ತ ಹೊಲವನ್ನಾಗಲಿ ಕೇಳುವುದಿಲ್ಲ.