ದೇಹಪ್ರತಿಮೆ ಮತ್ತು ಸ್ವ-ಸ್ವೀಕಾರ: ಅಧ್ಯಾಪಕರು ಗಮನಿಸಬೇಕಾದ ಅಂಶಗಳು

ತನ್ನ ಮೈಬಣ್ಣ, ಎತ್ತರ, ತೂಕ, ಮುಖಲಕ್ಷಣಗಳ ಕುರಿತು ವ್ಯಕ್ತಿಯ ಮನಸ್ಸಿನಲ್ಲಿ ರೂಪುಗೊಳ್ಳುವ ಚಿತ್ರವನ್ನೂ ಅದರೊಡನೆ ಬೆಸೆದಿರುವ ಭಾವನೆಗಳನ್ನೂ ದೇಹಪ್ರತಿಮೆ ಎನ್ನಬಹುದು. ಇದು ಬಹುಮಟ್ಟಿಗೆ ಇತರರ ಮಾತು ಮತ್ತು ನೋಟಗಳಿಂದ ಕಲಿತದ್ದು. ಕೂಸನ್ನು ನೋಡಲು ಬಂದ ನೆಂಟರು ಬಣ್ಣದ ಬಗ್ಗೆ ಆಡುವ ಮಾತು, ವಧೂವರರ ಜಾಹೀರಾತಿನಲ್ಲಿ ಬರುವ ‘ಬೆಳ್ಳಗಿನ’ ಎಂಬ ವಿಶೇಷಣ, ತರಗತಿಯಲ್ಲಿ ಸಲುಗೆಯಿಂದ ಅಂಟಿಸಿದ ‘ಕರಿಯ’, ‘ಡುಮ್ಮಿ’, ‘ಕುಳ್ಳ’ ಎಂಬ ಅಡ್ಡಹೆಸರು ಇವೆಲ್ಲವೂ ಆ ಕಲಿಕೆಯ ಭಾಗಗಳೇ.

ಅಳೆಯಲು ಬೇರೆ ಅಳತೆಗೋಲು ಇಲ್ಲದೆಡೆ ಮನುಷ್ಯನು ತನ್ನನ್ನು ಇತರರೊಡನೆ ಹೋಲಿಸಿ ನೋಡುತ್ತಾನೆಂದು ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1954ರಲ್ಲಿ ನಿರೂಪಿಸಿದರು. ಹಿಂದೆ ಈ ಹೋಲಿಕೆ ನೆರೆಕರೆಯವರೊಡನೆ ನಡೆಯುತ್ತಿತ್ತು. ಇಂದು ಬಂದ್ಯೋಡಿನ ಬಾಲಕಿಯೊಬ್ಬಳು ಮೊಬೈಲಿನಲ್ಲಿ ತನ್ನನ್ನು ಹೋಲಿಸಿಕೊಳ್ಳುವ ಮುಖವು ಫಿಲ್ಟರ್‌ನಿಂದ ತಿದ್ದಿದ್ದಾಗಿರಬಹುದು. ಆ ಮುಖದ ಒಡತಿಗೂ ನಿಜದಲ್ಲಿ ಆ ಮುಖವಿಲ್ಲ. ದುಂಡಗಿನ ಮೈಕಟ್ಟನ್ನು ಗೌರವಿಸುತ್ತಿದ್ದ ಫಿಜಿ ದ್ವೀಪದ ಒಂದು ಪ್ರದೇಶಕ್ಕೆ 1995ರಲ್ಲಿ ದೂರದರ್ಶನ ಬಂತು. ಆಹಾರದ ಕುರಿತು ಅಸ್ವಸ್ಥ ಮನೋಭಾವದ ಲಕ್ಷಣಗಳನ್ನು ತೋರಿದ ಬಾಲಕಿಯರ ಪ್ರಮಾಣ ಅಲ್ಲಿ ಶೇ. 12.7ರಿಂದ 1998ರ ವೇಳೆಗೆ ಶೇ. 29.2ಕ್ಕೆ ಏರಿದ್ದನ್ನು ಆನ್ ಬೆಕರ್ ಮತ್ತು ಸಂಗಡಿಗರು ದಾಖಲಿಸಿದ್ದಾರೆ.

ಈ ಅತೃಪ್ತಿಯ ಮೇಲೆ ವ್ಯಾಪಾರವೂ ನಿಂತಿದೆ. ಭಾರತದಲ್ಲಿ 1975ರಲ್ಲಿ ಮಾರುಕಟ್ಟೆಗೆ ಬಂದ ‘ಫೇರ್ ಆ್ಯಂಡ್ ಲವ್ಲಿ’ಯು 2020ರಲ್ಲಿ ‘ಗ್ಲೋ ಆ್ಯಂಡ್ ಲವ್ಲಿ’ ಆಯಿತು. ಕಪ್ಪು ಬಣ್ಣದವರನ್ನು ಕೀಳಾಗಿ ಚಿತ್ರಿಸಬಾರದೆಂದು ಭಾರತೀಯ ಜಾಹೀರಾತು ಮಾನದಂಡ ಮಂಡಳಿಯು 2014ರಲ್ಲಿಯೇ ಮಾರ್ಗಸೂಚಿ ನೀಡಿತ್ತು. ಆದರೂ ಬಿಳುಪಿನ ಹಂಬಲ ಕುಗ್ಗಿಲ್ಲ. ನಮ್ಮದೇ ರಾಜ್ಯದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ವೈದ್ಯರು ಒಂದು ವಿಶೇಷ ಬಗೆಯ ಮೂತ್ರಪಿಂಡದ ಕಾಯಿಲೆಯಿದ್ದ 15 ಮಂದಿಯಲ್ಲಿ 13 ಮಂದಿ ಬಿಳುಪಿನ ಕ್ರೀಮು ಬಳಸುತ್ತಿದ್ದುದನ್ನು ಕಂಡುಕೊಂಡರು. ಇಂತಹ ಕೆಲವು ಕ್ರೀಮುಗಳಲ್ಲಿರುವ ಪಾದರಸವು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ನಿನ ಉತ್ಪತ್ತಿಯನ್ನು ತಡೆಯುತ್ತದೆ. ಜೊತೆಗೆ ಚರ್ಮದ ಮೂಲಕ ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಕೆಡಿಸುತ್ತದೆ. ಕೇರಳದ ಔಷಧ ನಿಯಂತ್ರಣ ಇಲಾಖೆಯು 2023ರಲ್ಲಿ ‘ಆಪರೇಷನ್ ಸೌಂದರ್ಯ’ ಎಂಬ ತಪಾಸಣೆ ಆರಂಭಿಸಿತು. ‘ಕರಿಯ’ ಎಂಬ ಒಂದು ಕರೆ ಎಲ್ಲಿಯವರೆಗೆ ಮುಟ್ಟಬಹುದೆಂಬುದನ್ನು ಇದರಿಂದ ಊಹಿಸಬಹುದು.

ಶಾಲೆಯಲ್ಲಿ ಮಾಡಬಹುದಾದುದು ಸಾಕಷ್ಟಿದೆ. ವಾರ್ಷಿಕೋತ್ಸವದ ನಾಟಕದಲ್ಲಿ ರಾಣಿಯ ಪಾತ್ರ ಯಾವಾಗಲೂ ಬೆಳ್ಳಗಿನ ಮಗುವಿಗೆ, ಸೇವಕಿಯ ಪಾತ್ರ ಕಪ್ಪು ಮಗುವಿಗೆ ದೊರೆಯುತ್ತಿದೆಯೇ ಎಂದು ಪರಿಶೀಲಿಸಿರಿ. ಪಾರ್ತಿಸುಬ್ಬನ ಕುಂಬಳೆ ನಮಗೆ ಹತ್ತಿರದಲ್ಲಿದೆ. ಅಲ್ಲಿಯ ಯಕ್ಷಗಾನದಲ್ಲಿ ಕಲಾವಿದನ ಸ್ವಂತ ಮೈಬಣ್ಣ ಪಾತ್ರವನ್ನು ನಿರ್ಧರಿಸುವುದಿಲ್ಲ. ರಾಕ್ಷಸನ ‘ಬಣ್ಣದ ವೇಷ’ಕ್ಕೆ ನುರಿತ ಕಲಾವಿದನೇ ಬೇಕು. ಜಾಹೀರಾತೊಂದನ್ನು ತರಗತಿಗೆ ತಂದು, ಅದು ಏನನ್ನು ಮಾರುತ್ತಿದೆ, ಯಾವ ಕೊರತೆಯನ್ನು ಮೊದಲು ಹುಟ್ಟಿಸುತ್ತಿದೆ ಎಂದು ಮಕ್ಕಳಿಂದಲೇ ಚರ್ಚಿಸಿರಿ. ತೂಕ, ಎತ್ತರಗಳನ್ನು ಎಲ್ಲರೆದುರು ಗಟ್ಟಿಯಾಗಿ ಓದಬೇಡಿರಿ. ಮೆಚ್ಚುಗೆಯ ಮಾತು ರೂಪದ ಮೇಲಲ್ಲ, ಪ್ರಯತ್ನದ ಮೇಲಿರಲಿ. ಊಟ ಬಿಡುವ, ಫೋಟೋ ತೆಗೆಯುವಾಗ ಹಿಂದೆ ಸರಿಯುವ ಮಗುವನ್ನು ಪ್ರತ್ಯೇಕವಾಗಿ ಮಾತನಾಡಿಸಿ, ಅಗತ್ಯವಿದ್ದರೆ ರಕ್ಷಕರಿಗೂ ಆಪ್ತಸಮಾಲೋಚಕರಿಗೂ ತಿಳಿಸಿರಿ.

ಸ್ವ-ಸ್ವೀಕಾರವೆಂದರೆ ‘ನಾನೇ ಸುಂದರ’ ಎಂದು ಬಾಯಿಪಾಠ ಮಾಡುವುದಲ್ಲ. ತನ್ನ ಬೆಲೆಯು ಮೈಬಣ್ಣಕ್ಕೂ ತೂಕಕ್ಕೂ ಕಟ್ಟುಬಿದ್ದಿಲ್ಲವೆಂಬ ಭರವಸೆ ಅದು. ಆ ಭರವಸೆಯನ್ನು ಮಗು ಅಧ್ಯಾಪಕರ ದಿನನಿತ್ಯದ ನಡೆನುಡಿಯಿಂದಲೇ ಮೊದಲು ಪಡೆಯಬೇಕಾಗಿದೆ.