ಕೀವರ್ಡ್ ಹೆಸರಿನ ಜಾಲತಾಣ: ಗೂಗಲ್‌ನ ಮೊದಲ ಪುಟಕ್ಕೆ ದಾರಿಯೇ?

ಹೊಸ ವ್ಯಾಪಾರ ಆರಂಭಿಸಿ ಅದಕ್ಕೊಂದು ಜಾಲತಾಣ ಮಾಡಿಸಹೊರಟವರಿಗೆ ಎದುರಾಗುವ ಮೊದಲ ಪ್ರಶ್ನೆ ಹೆಸರಿನದು. ಗೃಹಾಲಂಕಾರದ ಕೆಲಸ ಮಾಡುವ ಬೆಂಗಳೂರಿನ ಸಂಸ್ಥೆಯೊಂದು ಸ್ವಂತ ಹೆಸರಿನಲ್ಲೇ ತಾಣ ತೆರೆಯಬೇಕೇ, ಅಥವಾ ‘ಬೆಂಗಳೂರು’, ‘ಅತ್ಯುತ್ತಮ’, ‘ಇಂಟೀರಿಯರ್’ ಎಂದು ಗ್ರಾಹಕರು ಗೂಗಲ್‌ನಲ್ಲಿ ಟೈಪ್ ಮಾಡುವ ಪದಗಳನ್ನೇ ಪೋಣಿಸಿದ ಹೆಸರನ್ನು ಕೊಳ್ಳಬೇಕೇ? ಎರಡನೆಯದೇ ಸರಿ, ಹುಡುಕಿದವರಿಗೆಲ್ಲ ಮೊದಲ ಪುಟದಲ್ಲೇ ಕಾಣಿಸುತ್ತೀರಿ ಎಂದು ಸಲಹೆ ನೀಡುವವರು ಇಂದಿಗೂ ಇದ್ದಾರೆ. ಇಂಥ ಹೆಸರುಗಳನ್ನು ಮುಂಚಿತವಾಗಿ ನೋಂದಾಯಿಸಿಟ್ಟುಕೊಂಡು ಹತ್ತಾರು ಪಟ್ಟು ಬೆಲೆಗೆ ಮಾರುವುದೇ ಕೆಲವರ ಕಸುಬು. ಆ ಸಲಹೆ ಒಂದು ಕಾಲಕ್ಕೆ ನಿಜವೇ ಆಗಿತ್ತು. ಆ ಕಾಲ ಮುಗಿದು ದಶಕ ಕಳೆದಿದೆ; ಸಲಹೆ ಮಾತ್ರ ಉಳಿದುಕೊಂಡಿದೆ. ಅದನ್ನು ನಂಬಿದವರು ಹಣವನ್ನಷ್ಟೇ ಅಲ್ಲ, ತಮ್ಮ ಹೆಸರಿನ ಮೇಲಿನ ಕಾನೂನು ಹಕ್ಕನ್ನೂ ಪಣಕ್ಕಿಡುತ್ತಾರೆ ಎಂಬುದು ಹೆಚ್ಚಿನವರ ಗಮನಕ್ಕೆ ಬಂದಿಲ್ಲ.

ಹೆಸರಿಗೆ ಚಿನ್ನದ ಬೆಲೆ ಬಂದದ್ದು ಹೇಗೆ?

ಅಂತರ್ಜಾಲದಲ್ಲಿ ಪ್ರತಿ ಕಂಪ್ಯೂಟರಿಗೂ ಅಂಕಿಗಳ ವಿಳಾಸವಿರುತ್ತದೆ. ಅದನ್ನು ನೆನಪಿಡುವ ಕಷ್ಟ ತಪ್ಪಿಸಲು 1983ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದ್ದೇ ಡೊಮೈನ್ ಹೆಸರಿನ ವ್ಯವಸ್ಥೆ. ಮೊದಲ ‘ಡಾಟ್ ಕಾಂ’ ಹೆಸರು 1985ರ ಮಾರ್ಚ್ 15ರಂದು ನೋಂದಣಿಯಾಯಿತು. ಅದು ‘ಸಿಂಬಾಲಿಕ್ಸ್ ಡಾಟ್ ಕಾಂ’. ಆಗ ಹೆಸರು ಕೇವಲ ವಿಳಾಸವಾಗಿತ್ತು. ಅದರಿಂದ ವ್ಯಾಪಾರ ಬಂದೀತೆಂದು ಯಾರೂ ಎಣಿಸಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ವೇಳೆಗೆ ಸ್ಥಿತಿ ಬದಲಾಯಿತು. ಬೇಕಾದ ವಸ್ತುವಿನ ಹೆಸರಿನ ಮುಂದೆ ‘ಡಾಟ್ ಕಾಂ’ ಸೇರಿಸಿ ನೇರವಾಗಿ ಟೈಪ್ ಮಾಡಿ ನೋಡುವ ಅಭ್ಯಾಸ ಜನರಿಗಿತ್ತು. ಹೀಗಾಗಿ ಸಾಮಾನ್ಯ ಪದಗಳಿಗೆ ಬೇಡಿಕೆ ಏರಿತು. ‘ಬಿಸಿನೆಸ್ ಡಾಟ್ ಕಾಂ’ 1999ರಲ್ಲಿ 75 ಲಕ್ಷ ಡಾಲರ್‌ಗೆ ಮಾರಾಟವಾಯಿತು. 2010ರಲ್ಲಿ ‘ಇನ್ಶೂರೆನ್ಸ್ ಡಾಟ್ ಕಾಂ’ 3.56 ಕೋಟಿ ಡಾಲರ್‌ಗೆ, ‘ಕಾರ್ ಇನ್ಶೂರೆನ್ಸ್ ಡಾಟ್ ಕಾಂ’ 4.97 ಕೋಟಿ ಡಾಲರ್‌ಗೆ ಕೈ ಬದಲಾದವು. ಹೆಸರೊಂದೇ ಸಂಸ್ಥೆಯನ್ನು ಕಾಯಲಾರದು ಎಂಬುದಕ್ಕೂ ಅದೇ ಕಾಲದಲ್ಲಿ ಸಾಕ್ಷಿ ಇತ್ತು ಎನ್ನಿ: ಸಾಕುಪ್ರಾಣಿಗಳ ಸಾಮಗ್ರಿ ಮಾರುತ್ತಿದ್ದ ‘ಪೆಟ್ಸ್ ಡಾಟ್ ಕಾಂ’ 2000ದ ನವೆಂಬರ್‌ನಲ್ಲಿ ಬಾಗಿಲು ಹಾಕಿತ್ತು.

1998ರಲ್ಲಿ ಬಂದ ಗೂಗಲ್ ಈ ಬೇಡಿಕೆಗೆ ಇನ್ನೊಂದು ಕಾರಣ ಒದಗಿಸಿತು. ಒಂದು ಪುಟ ಎಷ್ಟು ಮುಖ್ಯ ಎಂಬುದನ್ನು ಅದು ಇತರ ತಾಣಗಳು ಆ ಪುಟಕ್ಕೆ ಕೊಟ್ಟ ಕೊಂಡಿಗಳಿಂದ ಅಳೆಯುತ್ತಿತ್ತು. ಕೊಂಡಿಯ ಸಂಖ್ಯೆಯ ಜೊತೆಗೆ ಕೊಂಡಿಯಲ್ಲಿ ಬರೆದ ಪದಗಳಿಗೂ ಮಹತ್ವವಿತ್ತು. ‘ಅಗ್ಗದ ವಿಮಾನ ಟಿಕೆಟ್’ ಎಂಬ ಪದಗಳ ಮೇಲೆ ಕ್ಲಿಕ್ಕಿಸಿದಾಗ ತೆರೆಯುವ ಪುಟ ಅದೇ ವಿಷಯದ್ದಾಗಿರಬೇಕು ಎಂಬ ತರ್ಕ. ಈಗ ತಾಣದ ಹೆಸರೇ ‘ಅಗ್ಗದ ವಿಮಾನ ಟಿಕೆಟ್’ ಎಂದಿದ್ದರೆ? ಅದನ್ನು ಉಲ್ಲೇಖಿಸುವವರೆಲ್ಲ ಸಹಜವಾಗಿಯೇ ಆ ಹೆಸರನ್ನು ಬರೆದು ಕೊಂಡಿ ಕೊಡುತ್ತಾರೆ. ಪ್ರತಿ ಕೊಂಡಿಯೂ ಆ ತಾಣಕ್ಕೆ ಪುಕ್ಕಟೆ ಪ್ರಮಾಣಪತ್ರವಾಗುತ್ತದೆ. ಸ್ವಂತ ಹೆಸರಿನ ಸಂಸ್ಥೆಗೆ ಈ ಸೌಲಭ್ಯವಿರಲಿಲ್ಲ. ಇದರ ಜೊತೆಗೆ, ಶೋಧಿಸಿದ ಪದಗಳು ಫಲಿತಾಂಶದ ವಿಳಾಸದಲ್ಲಿ ದಪ್ಪಕ್ಷರದಲ್ಲಿ ಮೂಡುತ್ತಿದ್ದುದರಿಂದ ಕಣ್ಣೂ ಅತ್ತಲೇ ಹೋಗುತ್ತಿತ್ತು.

ಇದನ್ನರಿತ ಚತುರರು ನೂರಾರು ಹೆಸರು ನೋಂದಾಯಿಸಿ, ನಾಲ್ಕು ಪುಟದ ಕಳಪೆ ಬರಹ ತುಂಬಿ, ಪಕ್ಕದಲ್ಲಿ ಜಾಹೀರಾತು ಅಂಟಿಸಿ ಹಣ ಮಾಡಿದರು. ಪದಗಳ ನಡುವೆ ಅಡ್ಡಗೆರೆ ಹಾಕಿ ನಾಲ್ಕೈದು ಪದಗಳ ಉದ್ದನೆಯ ಹೆಸರು ಕಟ್ಟುವ ಖಯಾಲಿ ಹಬ್ಬಿದ್ದೂ ಆಗಲೇ.

2012ರ ಬದಲಾವಣೆ

2012ರ ಸೆಪ್ಟೆಂಬರ್ 28ರಂದು ಗೂಗಲ್‌ನ ಸ್ಪ್ಯಾಮ್ ತಡೆ ವಿಭಾಗದ ಮುಖ್ಯಸ್ಥರಾಗಿದ್ದ ಮ್ಯಾಟ್ ಕಟ್ಸ್ ಟ್ವಿಟರ್‌ನಲ್ಲಿ ಒಂದು ಸಣ್ಣ ಪ್ರಕಟಣೆ ಹೊರಡಿಸಿದರು. ಶೋಧದ ಪದಗಳನ್ನೇ ಯಥಾವತ್ತಾಗಿ ಹೆಸರಾಗಿಸಿಕೊಂಡ ಕಳಪೆ ತಾಣಗಳನ್ನು ಫಲಿತಾಂಶದಲ್ಲಿ ಕೆಳಕ್ಕಿಳಿಸಲಾಗುವುದು ಎಂಬುದು ಅದರ ಸಾರ. ಅಮೆರಿಕದ ಇಂಗ್ಲಿಷ್ ಶೋಧಗಳ ಪೈಕಿ ಶೇ 0.6ರಷ್ಟರ ಮೇಲೆ ಇದರ ಪರಿಣಾಮ ಕಾಣುವುದೆಂದು ಅವರು ತಿಳಿಸಿದ್ದರು. ಅಂಕಿ ಸಣ್ಣದಾಗಿ ಕಂಡರೂ ಹೆಸರನ್ನೇ ನಂಬಿ ಬದುಕುತ್ತಿದ್ದ ತಾಣಗಳಿಗೆ ಪೆಟ್ಟು ಬಿತ್ತು.

ಗಮನಿಸಬೇಕಾದ ಸಂಗತಿಯೆಂದರೆ, ಗೂಗಲ್ ಅಂದು ಕೀವರ್ಡ್ ಹೆಸರನ್ನು ನಿಷೇಧಿಸಲಿಲ್ಲ. ತಾಣದಲ್ಲಿ ಸತ್ವವಿದ್ದರೆ ಅಂಥ ಹೆಸರಿನಿಂದ ಹಾನಿಯಿಲ್ಲ. ಸತ್ವವಿಲ್ಲದಿದ್ದರೆ ಹೆಸರು ಕಾಪಾಡುವುದಿಲ್ಲ. 2024ರಲ್ಲಿ ಪರಿಷ್ಕರಿಸಿದ ಗೂಗಲ್‌ನ ಪ್ರಾಥಮಿಕ ಮಾರ್ಗದರ್ಶಿ ಇನ್ನಷ್ಟು ನೇರವಾಗಿದೆ. ಡೊಮೈನ್ ಹೆಸರಿನಲ್ಲಾಗಲಿ ಪುಟದ ವಿಳಾಸದಲ್ಲಾಗಲಿ ಕೀವರ್ಡ್ ಇದ್ದ ಮಾತ್ರಕ್ಕೆ ಶ್ರೇಯಾಂಕದ ಮೇಲೆ ಪರಿಣಾಮ ಇಲ್ಲವೆನ್ನುವಷ್ಟು ಕಡಿಮೆ ಎಂದು ಅದು ಹೇಳುತ್ತದೆ. ಮೊದಲ ಸ್ಥಾನದ ಖಾತರಿಯನ್ನು ಯಾರೂ ಕೊಡಲಾರರು ಎಂಬುದೂ ಆ ಸಂಸ್ಥೆಯದೇ ಮಾತು. ಹಾಗಿದ್ದೂ ಖಾತರಿ ಕೊಡುವವರಿದ್ದಾರೆಂದರೆ, ಅವರು ಮಾರುತ್ತಿರುವುದು ಏನನ್ನು ಎಂಬುದನ್ನು ಗ್ರಾಹಕರೇ ಯೋಚಿಸಬೇಕು.

ಅವಧಿ ಮೀರಿ ಬಿಟ್ಟುಹೋದ ಹಳೆಯ ಹೆಸರನ್ನು ಕೊಂಡು ಅದರ ಹಿಂದಿನ ಪ್ರತಿಷ್ಠೆಯ ನೆರಳಲ್ಲಿ ಮೇಲೇರುವ ಇನ್ನೊಂದು ಉಪಾಯವೂ ಚಾಲ್ತಿಯಲ್ಲಿತ್ತು. 2024ರ ಮಾರ್ಚ್‌ನಲ್ಲಿ ಗೂಗಲ್ ಇದನ್ನೂ ತನ್ನ ಸ್ಪ್ಯಾಮ್ ನೀತಿಯ ವ್ಯಾಪ್ತಿಗೆ ತಂದಿತು.

ಸಾಮಾನ್ಯ ಪದಕ್ಕೆ ಯಜಮಾನನಿಲ್ಲ

ಶ್ರೇಯಾಂಕದ ಲಾಭ ಹೋದರೆ ಹೋಗಲಿ, ನಷ್ಟವೇನೂ ಇಲ್ಲವಲ್ಲ ಎನ್ನುವವರು ನ್ಯಾಯಾಲಯಗಳ ತೀರ್ಪುಗಳತ್ತ ಕಣ್ಣು ಹಾಯಿಸಬೇಕು. ಈ ವಿಷಯದಲ್ಲಿ ದೇಶದ ಬಹುಮುಖ್ಯ ತೀರ್ಪು ಬೆಂಗಳೂರಿನಲ್ಲಿ ಹುಟ್ಟಿದ ವ್ಯಾಜ್ಯದ್ದು. ಸತ್ಯಂ ಇನ್ಫೋವೇ ಸಂಸ್ಥೆ 1999ರಲ್ಲಿ ‘ಸಿಫಿ’ ಎಂಬ ಪದ ಸೇರಿದ ಹಲವು ಹೆಸರುಗಳನ್ನು ನೋಂದಾಯಿಸಿತ್ತು. ಬಳಿಕ ಸಿಫಿನೆಟ್ ಸಲ್ಯೂಷನ್ಸ್ ಎಂಬ ಸಂಸ್ಥೆ ಒಂದು ‘ಎಫ್’ ಅಕ್ಷರ ಹೆಚ್ಚು ಸೇರಿಸಿ ಅದೇ ಉಚ್ಚಾರಣೆಯ ತಾಣ ತೆರೆಯಿತು. ಐವರು ಪ್ರವರ್ತಕರ ಹೆಸರಿನ ಮೊದಲ ಅಕ್ಷರಗಳಿಂದ ಆ ಪದ ಮೂಡಿತು ಎಂಬುದು ಅದರ ಸಮರ್ಥನೆಯಾಗಿತ್ತು. ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯ ತಾತ್ಕಾಲಿಕ ತಡೆಯಾಜ್ಞೆ ನೀಡಿತು. ಕರ್ನಾಟಕ ಹೈಕೋರ್ಟ್ ಅದನ್ನು ತೆರವುಗೊಳಿಸಿತು. 2004ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಸತ್ಯಂ ಪರವಾಗಿ ತೀರ್ಪಿತ್ತಿತು. ಡೊಮೈನ್ ಹೆಸರಿಗೂ ವ್ಯಾಪಾರಮುದ್ರೆಯ ಲಕ್ಷಣಗಳಿರಬಹುದು, ಆದ್ದರಿಂದ ಅದಕ್ಕೂ ಅಂಥದೇ ರಕ್ಷಣೆ ಸಲ್ಲುತ್ತದೆ ಎಂಬ ತತ್ವ ಅಲ್ಲಿ ಸ್ಥಾಪಿತವಾಯಿತು. ‘ಸಿಫಿ’ ಯಾವ ನಿಘಂಟಿನಲ್ಲೂ ಇಲ್ಲದ ಪದ ಎಂಬುದನ್ನು ಮರೆಯಬಾರದು.

ನಿಘಂಟಿನ ಪದಗಳ ಕಥೆ ಬೇರೆ. ‘ನೌಕ್ರಿ ಡಾಟ್ ಕಾಂ’ ನಡೆಸುವ ಇನ್ಫೋ ಎಡ್ಜ್ ಸಂಸ್ಥೆ, ನಡುವೆ ಒಂದು ‘ಎ’ ಅಕ್ಷರ ಸೇರಿಸಿ ‘ನೌಕರಿ ಡಾಟ್ ಕಾಂ’ ತೆರೆದವರ ವಿರುದ್ಧ ದೆಹಲಿ ಹೈಕೋರ್ಟ್ ಮೆಟ್ಟಿಲೇರಿ 2002ರಲ್ಲಿ ಗೆದ್ದಿತು. ಪದ ಸಾಮಾನ್ಯವಾದರೂ ಜನಮನದಲ್ಲಿ ಅದು ಆ ಸಂಸ್ಥೆಯೊಂದಿಗೇ ಬೆಸೆದುಕೊಂಡಿದೆ ಎಂಬುದು ಗೆಲುವಿನ ಆಧಾರ. ಆದರೆ 2016ರಲ್ಲಿ ‘ಶಾದಿ ಡಾಟ್ ಕಾಂ’ ಸಂಸ್ಥೆಗೆ ಮುಂಬೈ ಹೈಕೋರ್ಟ್‌ನಲ್ಲಿ ನಿರಾಸೆ ಕಾದಿತ್ತು. ‘ಸೆಕೆಂಡ್ ಶಾದಿ ಡಾಟ್ ಕಾಂ’ ವಿರುದ್ಧ ಅದು ಕೋರಿದ ತಡೆಯಾಜ್ಞೆ ಸಿಗಲಿಲ್ಲ. ವಧೂವರರನ್ನು ಹುಡುಕಿಕೊಡುವ ಸೇವೆಗೆ ‘ಶಾದಿ’ ಎಂಬುದು ವರ್ಣನೆಯ ಪದ, ಅದರ ಮೇಲೆ ಒಬ್ಬರಿಗೇ ಸ್ವಾಮ್ಯ ಸಲ್ಲದು ಎಂಬುದು ನ್ಯಾಯಾಲಯದ ನಿಲುವು.

ಅಮೆರಿಕದ ಸುಪ್ರೀಂ ಕೋರ್ಟ್ 2020ರ ಜೂನ್‌ನಲ್ಲಿ ‘ಬುಕಿಂಗ್ ಡಾಟ್ ಕಾಂ’ಗೆ ವ್ಯಾಪಾರಮುದ್ರೆಯ ನೋಂದಣಿಗೆ ಅವಕಾಶ ನೀಡಿತು. ಆದರೆ ಅಲ್ಲಿಯೂ ತನ್ನ ಮುದ್ರೆ ‘ದುರ್ಬಲ’ವಾದದ್ದೇ ಎಂದು ಆ ಸಂಸ್ಥೆ ಒಪ್ಪಿಕೊಂಡಿತ್ತು. ಜಗತ್ತಿನ ದೈತ್ಯ ಸಂಸ್ಥೆಗಳ ಪಾಡೇ ಹೀಗಿರುವಾಗ, ಊರಿನ ಹೆಸರಿಗೆ ವಸ್ತುವಿನ ಹೆಸರು ಜೋಡಿಸಿದ ಸಣ್ಣ ವ್ಯಾಪಾರಿಯ ಹಕ್ಕು ಎಷ್ಟರದು? ನಾಳೆ ಪ್ರತಿಸ್ಪರ್ಧಿಯೊಬ್ಬ ಅವೇ ಪದಗಳನ್ನು ಹಿಂದುಮುಂದು ಮಾಡಿ ತಾಣ ತೆರೆದರೆ ತಡೆಯುವ ದಾರಿ ಬಹಳ ಕಿರಿದು. ಗ್ರಾಹಕರಿಗಂತೂ ಎರಡರ ನಡುವಿನ ವ್ಯತ್ಯಾಸವೇ ತಿಳಿಯದು.

ಯಾವ ಕಾಗುಣಿತ? ಯಾವ ಊರು?

ಕನ್ನಡಿಗರಿಗೆ ಇನ್ನೊಂದು ತೊಡಕಿದೆ. ಹೆಚ್ಚಿನ ಹೆಸರುಗಳು ಇಂದಿಗೂ ರೋಮನ್ ಲಿಪಿಯಲ್ಲೇ ನೋಂದಣಿಯಾಗುತ್ತಿದ್ದು, ಕನ್ನಡ ಪದಗಳನ್ನು ಆ ಲಿಪಿಯಲ್ಲಿ ಬರೆಯಲು ಜನಬಳಕೆಯಲ್ಲಿ ಒಮ್ಮತವಿಲ್ಲ. ‘ಊಟ’ಕ್ಕೆ ಎರಡು ‘ಓ’ ಬರೆಯುವವರಿದ್ದಾರೆ, ಒಂದೇ ‘ಯು’ ಬರೆಯುವವರಿದ್ದಾರೆ. ‘ಮನೆ’ಯನ್ನು ಇಂಗ್ಲಿಷ್ ಬಲ್ಲ ಹೊರಗಿನವರು ‘ಮೇನ್’ ಎಂದು ಓದಿ ಕುದುರೆಯ ಕೇಸರವೆಂದು ಭಾವಿಸಿಯಾರು. ‘ಳ’ಕಾರ, ‘ಣ’ಕಾರಗಳ ಗತಿ ಹೇಳುವುದೇ ಬೇಡ. ಜನ ಯಾವ ಕಾಗುಣಿತದಲ್ಲಿ ಹುಡುಕುತ್ತಾರೆಂಬುದೇ ನಿಶ್ಚಿತವಿಲ್ಲದಾಗ ಆ ಪದವನ್ನೇ ನೆಚ್ಚಿ ಹೆಸರಿಡುವುದು ಜೂಜಾಟವೇ ಸರಿ.

ಊರಿನ ಹೆಸರಿನ ಅನುಭವ ಇನ್ನೂ ಪಾಠ ಕಲಿಸುವಂಥದು. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರು ಅಧಿಕೃತವಾಗಿ ಬದಲಾಯಿತು. ಬೆಂಗಳೂರು, ಮೈಸೂರು, ಮಂಗಳೂರುಗಳು ಕನ್ನಡದಲ್ಲಿ ಹಾಗೆಯೇ ಉಳಿದು ಇಂಗ್ಲಿಷ್ ಕಾಗುಣಿತವಷ್ಟೇ ಮಾರ್ಪಟ್ಟಿತು. ಗುಲ್ಬರ್ಗ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು. ಹಳೆಯ ಕಾಗುಣಿತವನ್ನೇ ತಾಣದ ಹೆಸರಿನಲ್ಲಿ ಅಚ್ಚೊತ್ತಿಕೊಂಡವರು ಹಳೆಯದರಲ್ಲೇ ಮುಂದುವರಿಯಬೇಕು, ಇಲ್ಲವೇ ಹೊಸ ಹೆಸರು ಕೊಂಡು ತಾಣವನ್ನೇ ಸ್ಥಳಾಂತರಿಸಬೇಕು ಎಂಬ ಇಕ್ಕಟ್ಟಿಗೆ ಸಿಲುಕಿದರು. ಸ್ಥಳಾಂತರ ಅಸಾಧ್ಯವೇನಲ್ಲ. ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳುಹಿಸುವ ಶಾಶ್ವತ ಮರುನಿರ್ದೇಶನವನ್ನು ಕನಿಷ್ಠ ಒಂದು ವರ್ಷ ಉಳಿಸಿಕೊಳ್ಳಿ ಎಂಬುದು ಗೂಗಲ್‌ನ ಸಲಹೆ. ಅಷ್ಟು ಕಾಲ ಎರಡೂ ಹೆಸರುಗಳ ಶುಲ್ಕ ಕಟ್ಟಬೇಕು.

ಕನ್ನಡ ಲಿಪಿಯಲ್ಲೇ ಹೆಸರಿಡಲು ‘ಡಾಟ್ ಭಾರತ’ ಎಂಬ ವಿಸ್ತರಣೆಯೂ ಲಭ್ಯ. ‘ಡಾಟ್ ಇನ್’ ಹೆಸರುಗಳನ್ನು ನಿರ್ವಹಿಸುವ ನಿಕ್ಸಿ ಸಂಸ್ಥೆಯೇ ಇದನ್ನೂ ನಿರ್ವಹಿಸುತ್ತದೆ. ಆದರೆ ಕನ್ನಡದ ಹೆಸರು ತೆರೆಯ ಹಿಂದೆ ರೋಮನ್ ಅಕ್ಷರಗಳ ಸಂಕೇತವಾಗಿ ಪರಿವರ್ತನೆಯಾಗುತ್ತದೆ. ಎಲ್ಲ ಇ-ಮೇಲ್ ವ್ಯವಸ್ಥೆಗಳೂ ಇಂಥ ವಿಳಾಸವನ್ನು ಸ್ವೀಕರಿಸುವುದಿಲ್ಲ. ಮುಖ್ಯ ಹೆಸರಿನ ಜೊತೆಗೆ ಎರಡನೆಯದಾಗಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ.

ಮಧ್ಯಮ ಮಾರ್ಗ

ಹಾಗೆಂದು ವ್ಯಾಪಾರದ ಸುಳಿವೇ ಇಲ್ಲದ ಹೆಸರಿಡಬೇಕೆಂದೇನಿಲ್ಲ. 2006ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ರೆಡ್‌ಬಸ್’ ಇದಕ್ಕೆ ಒಳ್ಳೆಯ ನಿದರ್ಶನ. ‘ಬಸ್’ ಎಂಬ ಪದ ಕೆಲಸವನ್ನು ಸೂಚಿಸುತ್ತದೆ, ‘ರೆಡ್’ ಎಂಬುದು ಅದನ್ನು ಉಳಿದವರಿಂದ ಬೇರ್ಪಡಿಸುತ್ತದೆ. ಅದೇ ನಗರದ ‘ಬಿಗ್‌ಬಾಸ್ಕೆಟ್’ ದಿನಸಿಯ ಹೆಸರೆತ್ತದೆಯೇ ದಿನಸಿಯನ್ನು ನೆನಪಿಸುತ್ತದೆ. ರೆಡ್‌ಬಸ್ ಈಗ ರೈಲು ಟಿಕೆಟನ್ನೂ ಮಾರುತ್ತದೆ, ಹೆಸರಿನಲ್ಲಿ ಬಸ್ ಮಾತ್ರ ಇದೆ! ಪದ ಎಷ್ಟು ನಿರ್ದಿಷ್ಟವೋ ಮುಂದೆ ಕೈಚಾಚಲು ಅಷ್ಟೇ ಇಕ್ಕಟ್ಟು. ‘ಫ್ಲಿಪ್‌ಕಾರ್ಟ್’ 2007ರಲ್ಲಿ ಪುಸ್ತಕ ಮಾರಾಟದಿಂದಲೇ ಶುರುವಾಗಿದ್ದರೂ ಹೆಸರಿನಲ್ಲಿ ಪುಸ್ತಕವಿರಲಿಲ್ಲ. ‘ಫುಡೀಬೇ’ ಎಂಬ ವರ್ಣನೆಯ ಹೆಸರಿನಿಂದ ಹೊರಟ ತಾಣ 2010ರಲ್ಲಿ ‘ಝೊಮ್ಯಾಟೊ’ ಆಯಿತು. ಮೊದಲ ಹೆಸರಿನ ಕೊನೆಯ ನಾಲ್ಕು ಅಕ್ಷರಗಳು ಇನ್ನೊಂದು ದೊಡ್ಡ ಸಂಸ್ಥೆಯಾದ ‘ಇಬೇ’ಯನ್ನು ಹೋಲುತ್ತಿದ್ದುದೂ ಈ ಬದಲಾವಣೆಗೆ ಒಂದು ಕಾರಣ.

ಹೆಸರು ಆರಿಸುವವರು ಅದನ್ನು ಒಮ್ಮೆ ದೂರವಾಣಿಯಲ್ಲಿ ಇನ್ನೊಬ್ಬರಿಗೆ ಹೇಳಿ ನೋಡುವುದು ಒಳಿತು. ಕಾಗುಣಿತ ಬಿಡಿಸಿ ಹೇಳದೆಯೇ ಆಚೆಯವರು ಸರಿಯಾಗಿ ಬರೆದುಕೊಂಡರೆ ಅರ್ಧ ಕೆಲಸ ಆದಂತೆ. ‘ನಡುವೆ ಅಡ್ಡಗೆರೆ ಇದೆ’ ಎಂದು ವಿವರಿಸಬೇಕಾದ ಹೆಸರು ಇಲ್ಲಿ ಸೋಲುತ್ತದೆ. ನಿಯಮದ ಪ್ರಕಾರ ಹೆಸರು 63 ಅಕ್ಷರಗಳವರೆಗೆ ಇರಬಹುದು. ಅದರ ಕಾಲುಭಾಗಕ್ಕೇ ನಿಲ್ಲಿಸುವುದು ಜಾಣತನ. ಕೀವರ್ಡ್‌ಗಳು ಇರಬೇಕಾದ ಜಾಗ ಪುಟದ ಶೀರ್ಷಿಕೆ ಮತ್ತು ಬರಹ. ಬೇರೆಯವರಿಂದ ಹೆಸರು ಕೊಳ್ಳುವುದಾದರೆ, ಅದರಲ್ಲಿ ಹಿಂದೆ ಏನಿತ್ತು ಎಂಬುದನ್ನು ಇಂಟರ್ನೆಟ್ ಆರ್ಕೈವ್‌ನ ‘ವೇಬ್ಯಾಕ್ ಮಷೀನ್’ನಲ್ಲಿ ಉಚಿತವಾಗಿ ನೋಡಬಹುದು.

ಅಂದಹಾಗೆ, ಹೆಸರನ್ನು ‘ಕೊಳ್ಳುವುದು’ ಎಂದು ಹೇಳುವುದು ರೂಢಿಯಾದರೂ ಅದು ವಾಸ್ತವದಲ್ಲಿ ಗುತ್ತಿಗೆ. ಒಮ್ಮೆಗೆ ಗರಿಷ್ಠ 10 ವರ್ಷಗಳಿಗೆ ನೋಂದಾಯಿಸಬಹುದು, ಬಳಿಕ ನವೀಕರಿಸಬೇಕು. ಜಾಲತಾಣ ವಿನ್ಯಾಸ ಮಾಡಿಕೊಟ್ಟವರು ಹೆಸರನ್ನು ತಮ್ಮ ಖಾತೆಯಲ್ಲೇ ನೋಂದಾಯಿಸಿಟ್ಟುಕೊಂಡಿರುವುದುಂಟು. ಜಗಳವಾದ ದಿನ ವ್ಯಾಪಾರಿಗೆ ತನ್ನ ಹೆಸರೇ ಕೈಗೆ ಸಿಗುವುದಿಲ್ಲ. ಆದ್ದರಿಂದ ನೋಂದಣಿದಾರರ ಜಾಗದಲ್ಲಿ ವ್ಯಾಪಾರದ ಮಾಲೀಕರ ಹೆಸರು ಮತ್ತು ಅವರದೇ ಇ-ಮೇಲ್ ವಿಳಾಸ ಇದೆಯೇ ಎಂದು ಮೊದಲ ದಿನವೇ ಪರೀಕ್ಷಿಸಬೇಕು. ನವೀಕರಣ ತಪ್ಪಿ ‘ಡಾಟ್ ಕಾಂ’ ಹೆಸರು ರದ್ದಾದರೆ, ಹೆಚ್ಚಿನ ಶುಲ್ಕ ತೆತ್ತು ಮರಳಿ ಪಡೆಯಲು ಹಿಂದಿನ ನೋಂದಣಿದಾರರಿಗೆ 30 ದಿನಗಳ ಕಾಲಾವಕಾಶವಿದೆ. ಅದೂ ಮೀರಿದರೆ ಐದು ದಿನಗಳ ನಂತರ ಆ ಹೆಸರು ಮೊದಲು ಕೇಳಿದವರ ಪಾಲಾಗುತ್ತದೆ.