ಕಡುನೀಲಿ: ಒಂದು ಬಣ್ಣ, ಮೂರು ಪಾಠ

ಕಾಮನಬಿಲ್ಲಿನ ಬಣ್ಣಗಳನ್ನು ಹೇಳುವಾಗ ಮಕ್ಕಳು 'ಇಂಡಿಗೊ' ಎಂಬ ಹೆಸರನ್ನೂ ಬಾಯಿಪಾಠ ಒಪ್ಪಿಸುತ್ತಾರೆ. ಅದು ಯಾವ ಬಣ್ಣವೆಂದು ತಿಳಿಸಲು ಹೊಸ ಜೀನ್ಸ್ ಬಟ್ಟೆಯ ತುಂಡೊಂದು ಸಾಕು. 'ಭಾರತದ್ದು' ಎಂಬ ಅರ್ಥದ ಗ್ರೀಕ್ ಪದವೇ ಈ ಹೆಸರಿನ ಮೂಲ. ಇದೊಂದು ಬಣ್ಣ ಮೂರು ವಿಷಯಗಳನ್ನು ಬೆಸೆಯಬಲ್ಲದು.

ವಿಜ್ಞಾನ: ನೀಲಿ ಗಿಡದ ಎಲೆ ಹಸಿರು. ಎಲೆಗಳನ್ನು ನೀರಿನಲ್ಲಿ ನೆನೆಹಾಕಿ ಹುದುಗಿಸಿ, ಆ ನೀರನ್ನು ಬಡಿದು ಗಾಳಿ ಬೆರೆಸಿದರೆ ನೀಲಿ ಗಸಿ ತಳಕ್ಕಿಳಿಯುತ್ತದೆ. ಈ ನೀಲಿ ನೀರಿನಲ್ಲಿ ಕರಗುವುದಿಲ್ಲ. ಆದ್ದರಿಂದ ಅಪಕರ್ಷಣದ ಮೂಲಕ ಅದನ್ನು ಕರಗುವ ರೂಪಕ್ಕೆ ತಂದು ಬಟ್ಟೆಯನ್ನು ಅದ್ದುತ್ತಾರೆ. ಹೊರತೆಗೆದಾಗ ಹಳದಿ ಮಿಶ್ರಿತ ಹಸಿರಾಗಿರುವ ಬಟ್ಟೆ, ಗಾಳಿಯ ಆಕ್ಸಿಜನ್ ತಗಲಿದಂತೆ ಕಣ್ಣೆದುರೇ ನೀಲಿಯಾಗುತ್ತದೆ. ಇದು ಉತ್ಕರ್ಷಣ.

ಇತಿಹಾಸ: ಬಿಹಾರದ ಚಂಪಾರಣ್ಯದಲ್ಲಿ ಗೇಣಿದಾರರು ಪ್ರತಿ 20 ಕಠ್ಠಾ ಜಮೀನಿನಲ್ಲಿ 3 ಕಠ್ಠಾದಷ್ಟು ನೀಲಿಯನ್ನೇ ಬೆಳೆಯಬೇಕಿತ್ತು. ಇದೇ 'ತಿನ್‌ಕಠಿಯಾ' ಪದ್ಧತಿ. 1897ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿ ಕೃತಕ ಇಂಡಿಗೊವನ್ನು ಮಾರುಕಟ್ಟೆಗೆ ತಂದಿತು. ಗಿಡದ ನೀಲಿಯ ಬೇಡಿಕೆ ಕುಸಿಯಿತು. ಆದರೆ ರೈತರ ಹೊರೆ ಇಳಿಯಲಿಲ್ಲ. ನೀಲಿ ಬೆಳೆಯುವ ಕಟ್ಟುಪಾಡಿನಿಂದ ಬಿಡಲು ತೋಟದ ಯುರೋಪಿಯನ್ ಮಾಲೀಕರು ಹಣ ಕೇಳಿದರು, ಗೇಣಿ ಏರಿಸಿದರು. 1917ರಲ್ಲಿ ಗಾಂಧೀಜಿ ಅಲ್ಲಿಗೆ ಹೋಗಿ ರೈತರ ಹೇಳಿಕೆಗಳನ್ನು ದಾಖಲಿಸಿದರು. 1918ರ ಕಾಯಿದೆ ಈ ಪದ್ಧತಿಯನ್ನು ರದ್ದುಮಾಡಿತು. ಪ್ರಯೋಗಾಲಯದ ಸಂಶೋಧನೆಯೊಂದು ದೂರದ ಹೊಲದವನ ಬದುಕನ್ನು ಹೇಗೆ ತಟ್ಟುತ್ತದೆ ಎಂಬುದು ಇಲ್ಲಿ ಕಾಣುತ್ತದೆ. ವಿಜ್ಞಾನದ ಪಾಠದಲ್ಲಿ ಬಣ್ಣ, ಸಮಾಜ ವಿಜ್ಞಾನದಲ್ಲಿ ಚಂಪಾರಣ್ಯ ಎಂದು ಬೇರೆಬೇರೆಯಾಗಿ ಓದುವ ಮಗುವಿಗೆ ಈ ಕೊಂಡಿ ಸಿಗುವುದಿಲ್ಲ.

ಚಿತ್ರಕಲೆ: ವರ್ಣಚಕ್ರದಲ್ಲಿ ನೀಲಿಯ ಎದುರಿಗೆ ಕಿತ್ತಳೆ ಇದೆ. ಇವು ಪೂರಕ ಬಣ್ಣಗಳು; ಪಕ್ಕಪಕ್ಕದಲ್ಲಿ ಎರಡೂ ಹೆಚ್ಚು ಎದ್ದು ಕಾಣುತ್ತವೆ. ಕಡುನೀಲಿಯೊಂದಿಗೆ ತಿಳಿನೀಲಿ, ಬೂದು ಸೇರಿದರೆ ಶಾಂತವಾದ ಜೋಡಣೆ. ನಮ್ಮ ಚಾರ್ಟ್‌ಗಳಿಗೂ ಇದು ಉಪಯುಕ್ತ: ಬಿಳಿ ಹಾಳೆಯ ಮೇಲೆ ಕಡುನೀಲಿ ಅಕ್ಷರ, ಕಡುನೀಲಿ ಹಾಳೆಯ ಮೇಲೆ ಹಳದಿ ಅಥವಾ ಬಿಳಿ ಅಕ್ಷರ ದೂರಕ್ಕೂ ಸ್ಪಷ್ಟ. ಕಡುನೀಲಿಯ ಮೇಲೆ ಕಪ್ಪು ಅಥವಾ ನೇರಳೆಯಲ್ಲಿ ಬರೆದದ್ದನ್ನು ಕೊನೆಯ ಬೆಂಚಿನ ಮಗು ಓದಲಾರದು.

ಬೋಧನಾಭ್ಯಾಸದ ಸಮಯದಲ್ಲಿ ವಿಜ್ಞಾನ ಮತ್ತು ಸಮಾಜ ವಿಜ್ಞಾನದ ಪ್ರಶಿಕ್ಷಣಾರ್ಥಿಗಳು ಜೊತೆಗೂಡಿ ಇದಕ್ಕೊಂದು ಪಾಠಯೋಜನೆ ಸಿದ್ಧಪಡಿಸಬಹುದು. ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಸಾಕು: ಕೃತಕ ನೀಲಿ ಬಂದ ಮೇಲೂ ಚಂಪಾರಣ್ಯದ ರೈತನಿಗೆ ಬಿಡುಗಡೆ ಏಕೆ ಸಿಗಲಿಲ್ಲ?